ತಡೆಯುವ ಮದ್ದು

ವೆಸ್ಟ್‌ಮೀಡ್, ಸಿಡ್ನಿ
೩ ಮಾರ್ಚ್ ೨೦೨೪

ಪ್ರೀತಿಯ ವಿಜೂ,

ನಿನ್ನೆ ಮಾತಿನ ನಡುವೆಯೇ ನೀನು ಫೋನ್ ಇಟ್ಟುಬಿಟ್ಟೆ. ಡ್ಯೂಟಿಗೆ ಹೊತ್ತಾಯಿತೆಂದೋ, ಸಿಟ್ಟಿಗೋ ತಿಳಿಯಲಿಲ್ಲ. ಸಿಟ್ಟಿಗೇ ಇರಬೇಕು. ಇನ್ನು ಈ ವಿಷಯ ಫೋನಿನಲ್ಲಿ ಬೇಡ. ಈ ಸಣ್ಣ ಫ್ಲ್ಯಾಟಿನಲ್ಲಿ ನಾನು ಯಾವ ಮೂಲೆಗೆ ಹೋಗಿ ನಿಂತರೂ ಅವ್ವನ ಕಿವಿ ಅಲ್ಲಿಗೆ ಬರುತ್ತದೆ. ಮೇಲ್ ಬರೆಯೋಣ, ಕನ್ನಡದಲ್ಲೇ ಬರೆಯೋಣ. ಇಂಗ್ಲಿಷಿನಲ್ಲಾದರೆ ನಾನು ರಿಪೋರ್ಟ್ ಬರೆದ ಹಾಗೆ ಬರೆಯುತ್ತೇನೆ, ನೀನು ಟ್ರಾಮ್ ಡಿಪೊಗೆ ರಜೆ ಕೇಳಿದ ಹಾಗೆ ಬರೆಯುತ್ತೀ.

ನಿನ್ನ ಡಾಕ್ಟರು ಹೇಳಿದ್ದು ಸರಿ. ದೊಡ್ಡ ಕರುಳಿನ ತುಂಬ ಗಂಟುಗಳೆದ್ದಿವೆ. ಒಂದೊಂದನ್ನೇ ಕತ್ತರಿಸುವ ಹಂತ ದಾಟಿದೆ. ಅವು ಇವತ್ತು ಕ್ಯಾನ್ಸರ್ ಅಲ್ಲ, ಆದರೆ ಯಾವುದೋ ಒಂದು ಯಾವತ್ತೋ ಒಂದು ದಿನ ಆಗಿಯೇ ಆಗುತ್ತದೆ. ಅಪ್ಪನಿಗೆ ಆಗಿದ್ದೂ ಇದೇ. ಹುಬ್ಬಳ್ಳಿಯ ಡಾಕ್ಟರು ಆಗ ‘ಕರುಳಿನ ಹುಣ್ಣು’ ಎಂದಷ್ಟೇ ಹೇಳಿದರು, ನಾವು ಊಟದ ದೋಷ ಎಂದುಕೊಂಡೆವು. ಅಪ್ಪನಿಂದ ಈ ಜೀನ್ ನಿನಗೆ ಬಂತು, ನನಗೆ ಬರಲಿಲ್ಲ. ಹೋದ ವರ್ಷ ಇಬ್ಬರ ಟೆಸ್ಟ್ ರಿಪೋರ್ಟ್ ಒಂದೇ ವಾರ ಬಂದಾಗ ನೀನು ನನಗೆ ಕಂಗ್ರಾಚ್ಯುಲೇಶನ್ಸ್ ಎಂದೆ.

ಕರುಳು ತೆಗೆಸಿದವರು ಬದುಕುತ್ತಾರೆ, ಉಣ್ಣುತ್ತಾರೆ, ಕೆಲಸ ಮಾಡುತ್ತಾರೆ. ತಾರೀಕು ತೆಗೆದುಕೊ. ನಿಖಿತಾಳಿಗೂ ಹೇಳು. ಹೆಂಡತಿಯಿಂದ ಮುಚ್ಚಿಡುವ ವಿಷಯವಲ್ಲ ಇದು.

ಅಕ್ಕ
ಹೇಮಲತಾ


ರೆಸರ್ವಾಯರ್, ಮೆಲ್ಬರ್ನ್
೧೭ ಮಾರ್ಚ್ ೨೦೨೪

ಅಕ್ಕಾ,

ಸಿಟ್ಟಿಗೇ ಇಟ್ಟೆ. ಈಗ ಇಳಿದಿದೆ.

ತಾರೀಕು ಕೊಟ್ಟಿದ್ದಾರೆ, ಜುಲೈ ಎರಡನೇ ವಾರ. ನಿಖಿತಾಳಿಗೆ ‘ಸಣ್ಣ ಪ್ರೊಸೀಜರ್’ ಎಂದು ಹೇಳಿದ್ದೇನೆ. ಚೈಲ್ಡ್‌ಕೇರ್ ಕೆಲಸ ಮುಗಿಸಿ, ಅಮೂಲ್ಯಾಳನ್ನು ಶಾಲೆಯಿಂದ ಕರೆತಂದು, ಅಡಿಗೆಗೆ ನಿಲ್ಲುವ ಹೊತ್ತಿಗೆ ಅವಳಿಗೆ ನಿಲ್ಲಲೂ ತ್ರಾಣವಿರುವುದಿಲ್ಲ. ಇನ್ನೊಂದು ಭಾರ ಈಗಲೇ ಯಾಕೆ ಎಂದು ಸುಮ್ಮನಾದೆ.

ಒಂದು ಮಾತು ಕೇಳಲೇ? ಕಳೆದ ದೀಪಾವಳಿಗೆ ನಿಮ್ಮ ಸಿಡ್ನಿಯ ಟೂಂಗಾಬಿಯಲ್ಲಿ ಊಟಕ್ಕೆ ಕೂತಾಗ ನೀನು ನಿನ್ನ ಲ್ಯಾಬಿನ ಮದ್ದಿನ ಬಗ್ಗೆ ಹೇಳಿದ್ದೆ. ಇಂಥ ಗಂಟುಗಳನ್ನೇ ಪ್ಲೇಟಿನಲ್ಲಿ ಬೆಳೆಸಿ ಅದರ ಮೇಲೆ ಹಾಕುತ್ತೀರಿ, ಬೆಳೆಯುವುದು ನಿಲ್ಲುತ್ತದೆ ಎಂದಿದ್ದೆ. ಆಗ ನಾನು ಹೋಳಿಗೆ ತಿನ್ನುತ್ತ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ಕೇಳುತ್ತಿದ್ದೇನೆ. ಅದು ಎಲ್ಲಿಗೆ ಬಂತು? ಮಾತ್ರೆ ಆಗಲು ಎಷ್ಟು ಕಾಲ ಬೇಕು? ಒಂದು ವರ್ಷ ತಡೆದುಕೊಂಡರೆ ಕತ್ತರಿ ತಪ್ಪುವುದಿದ್ದರೆ ತಡೆದುಕೊಳ್ಳಬಹುದಲ್ಲ. ನನಗೇನೂ ನೋವಿಲ್ಲ. ಗಂಟುಗಳಿವೆ ಎಂದು ಒಳಗೆ ಹೋದ ಕ್ಯಾಮೆರಾ ಹೇಳಿದ್ದಕ್ಕೆ ನಂಬಿದ್ದೇನೆ, ಅಷ್ಟೇ.

ಕ್ಲಿನಿಕ್‌ನಲ್ಲಿ ಕತ್ತರಿಸಿದ ಗಂಟುಗಳನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದರು. ಕೊಡುತ್ತೇನೆ ಎಂದೆ. ಯಾವ ಊರಿನ ಲ್ಯಾಬಿಗೆ ಹೋಗುತ್ತವೋ. ನಿನ್ನ ಕೈಗೇ ಬಂದರೆ ಸ್ವಲ್ಪ ಚೆನ್ನಾಗಿ ನೋಡಿಕೊ.

ವಿಜಯ


ವೆಸ್ಟ್‌ಮೀಡ್
೯ ಏಪ್ರಿಲ್ ೨೦೨೪

ವಿಜೂ,

ಗಂಟುಗಳು ಯಾರವೆಂದು ನಮಗೆ ಯಾರೂ ಹೇಳುವುದಿಲ್ಲ, ಹೇಳಬಾರದು. ಡಬ್ಬಿಯ ಮೇಲೆ ಒಂದು ನಂಬರು ಇರುತ್ತದೆ. ಆದರೂ ನಿನ್ನ ಮೇಲ್ ಓದಿದ ಮರುದಿನವೇ ನನ್ನ ತಮ್ಮ ಇಂಥ ರೋಗಿ ಎಂದು ನಮ್ಮ ಮುಖ್ಯಸ್ಥೆ ಫಿಯೋನಾಗೆ ತಿಳಿಸಿದೆ. ಹೇಳುವುದು ನಿಯಮ. ಹೇಳಿದ ಮೇಲೆ ನನಗೂ ಹಗುರಾಯಿತು.

ಮದ್ದಿನ ಹೆಸರು ಸದ್ಯಕ್ಕೆ ಎಂ-ಏಳು. ಕೆಲಸ ಹೀಗೆ ನಡೆಯುತ್ತದೆ: ಮನುಷ್ಯರ ಕರುಳಿನ ಗಂಟಿನಿಂದ ತೆಗೆದ ಜೀವಕೋಶಗಳನ್ನು ಮೆದುವಾದ ಜೆಲ್ಲಿನಲ್ಲಿ ಕೂರಿಸಿ, ಮೈಯ ಬಿಸಿಯಲ್ಲಿಟ್ಟು, ತಿನ್ನಲು ಕೊಟ್ಟರೆ ಅವು ಸಾಸಿವೆಗಿಂತ ಸಣ್ಣ ಗುಂಡುಗಳಾಗಿ ಬೆಳೆಯುತ್ತವೆ. ಅವಕ್ಕೆ ಎಂ-ಏಳು ಹಾಕಿದೆವು. ಬಹುತೇಕ ಎಲ್ಲರ ಗುಂಡುಗಳೂ ಬೆಳೆಯುವುದನ್ನು ನಿಲ್ಲಿಸಿವೆ. ಪಕ್ಕದ ಪ್ಲೇಟಿನಲ್ಲಿ ಅದೇ ಜನರ ಆರೋಗ್ಯವಂತ ಕರುಳಿನ ಕೋಶಗಳು ತಮ್ಮ ಪಾಡಿಗೆ ಚೆನ್ನಾಗಿವೆ. ಹತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಷ್ಟು ಸ್ವಚ್ಛವಾದ ಫಲಿತಾಂಶ ನಾನು ನೋಡಿರಲಿಲ್ಲ. ಮೈಕ್ರೋಸ್ಕೋಪ್ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಆದರೆ ಕೇಳು. ಕ್ಯಾನ್ಸರ್ ಬಂದವರಿಗೆ ಕೊಡುವ ಮದ್ದು ಸ್ವಲ್ಪ ವಿಷವಾಗಿದ್ದರೂ ತಡೆದುಕೊಳ್ಳುತ್ತಾರೆ, ಬೇರೆ ದಾರಿ ಇರುವುದಿಲ್ಲ. ತಡೆಯುವ ಮದ್ದು ಹಾಗಲ್ಲ. ಅದನ್ನು ತಿನ್ನುವವರು ನಿನ್ನಂತೆ ಓಡಾಡಿಕೊಂಡಿರುವ ಜನ, ವರ್ಷಗಟ್ಟಲೆ ದಿನಾ ತಿನ್ನಬೇಕು. ಅದು ಯಾರನ್ನೂ ಕೆಡಿಸಬಾರದು. ಆದ್ದರಿಂದ ಮುಂದೆ ಲಿವರ್ ಕೋಶಗಳ ಮೇಲೆ, ಹೃದಯದ ಕೋಶಗಳ ಮೇಲೆ ಹಾಕಿ ವಾರಗಟ್ಟಲೆ ನೋಡುತ್ತೇವೆ. ಆಮೇಲೆ ಇನ್ನೂ ಎಷ್ಟೋ ಮೆಟ್ಟಿಲುಗಳಿವೆ. ಜುಲೈ ತಾರೀಕು ಬಿಡಬೇಡ.

ಅಕ್ಕ


ರೆಸರ್ವಾಯರ್
೨೮ ಏಪ್ರಿಲ್ ೨೦೨೪

ಅಕ್ಕಾ,

ನಿನ್ನ ಮೇಲನ್ನು ಡಾಕ್‌ಲ್ಯಾಂಡ್ಸ್ ಟರ್ಮಿನಸ್ಸಿನಲ್ಲಿ ಕೂತು ಓದಿದೆ. ಎರಡು ಸಲ ಓದಿದೆ. ಟ್ರಾಮ್ ಓಡಿಸುತ್ತ ವಾಪಸ್ ಬರುವಾಗ ಬರ್ಕ್ ಸ್ಟ್ರೀಟಿನಲ್ಲಿ ಒಬ್ಬ ಟೂರಿಸ್ಟ್ ಹಳಿಯ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದ. ಬೇರೆ ದಿನವಾದರೆ ಗಂಟೆ ಬಾರಿಸಿ ಅವನ ಜೀವ ತೆಗೆಯುತ್ತಿದ್ದೆ. ಅವತ್ತು ಸುಮ್ಮನೆ ಕಾದೆ. ಅವನು ಕೈ ಬೀಸಿದ, ನಾನೂ ಬೀಸಿದೆ.

ಮೈಕ್ರೋಸ್ಕೋಪ್ ಬಿಟ್ಟು ಏಳಲು ಮನಸ್ಸಾಗಲಿಲ್ಲ ಎಂದು ನೀನು ಬರೆದಿದ್ದೀ. ಚಿಕ್ಕಂದಿನಿಂದ ನೋಡಿದ್ದೇನೆ, ನೀನು ಸುಳ್ಳೇ ಉಬ್ಬುವವಳಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ರ‍್ಯಾಂಕ್ ಬಂದಾಗಲೂ ‘ಪೇಪರ್ ಸರಳ ಇತ್ತು’ ಎಂದವಳು. ಅಂಥ ನೀನು ಹೀಗೆ ಬರೆದರೆ ನಾನು ಏನೆಂದು ತಿಳಿಯಬೇಕು?

ಲಿವರ್ ಟೆಸ್ಟ್ ಆದ ಕೂಡಲೇ ಬರೆ.

ವಿಜಯ


ರೆಸರ್ವಾಯರ್
೩೦ ಮೇ ೨೦೨೪

ಅಕ್ಕಾ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನಿನಲ್ಲಿ ಅವ್ವನ ಮಂಡಿನೋವು, ರೊಟ್ಟಿ ಹಿಟ್ಟು, ಹವಾಮಾನ ಎಲ್ಲ ಮಾತಾಡುತ್ತೀ. ಇದು ಬಂದರೆ ‘ಆಮೇಲೆ’ ಎನ್ನುತ್ತೀ.

ಮೊದಲು ಬೇಜಾರಾಯಿತು. ಆಮೇಲೆ ಅರ್ಥವಾಯಿತು. ಒಳ್ಳೆಯ ಫಲಿತಾಂಶ ಬಂದಾಗ ಹೊರಗೆ ಬಾಯಿಬಿಡಬಾರದೆಂದು ನಿಮ್ಮಲ್ಲಿ ಕಟ್ಟುಪಾಡು ಇರುತ್ತದೆ. ಪೇಟೆಂಟ್, ಕಂಪನಿ, ಏನೇನೋ. ಕೆಟ್ಟ ಸುದ್ದಿಯಾಗಿದ್ದರೆ ನೀನು ಅದೇ ದಿನ ಹೇಳಿಬಿಡುತ್ತಿದ್ದೆ. ಅಪ್ಪ ಹೋದ ಸುದ್ದಿಯನ್ನೂ ನನ್ನ ಹಾಸ್ಟೆಲಿಗೆ ಬಂದು ಮುಖಾಮುಖಿ ಹೇಳಿದವಳು ನೀನೇ.

ನಿನ್ನನ್ನು ಪೇಚಿಗೆ ಸಿಕ್ಕಿಸುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಜುಲೈ ತಾರೀಕು ಬೇಡ, ಮುಂದಿನ ವರ್ಷ ನೋಡೋಣ ಎಂದು ತಿಳಿಸಿದ್ದೇನೆ.

ವಿಜಯ


ವೆಸ್ಟ್‌ಮೀಡ್
೩೧ ಮೇ ೨೦೨೪

ವಿಜಯ,

ತಪ್ಪು ತಿಳಿದೆ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ವಾಪಸ್ ಕೇಳು. ಮುಂದಿನದನ್ನು ಆಮೇಲೆ ಓದು.

ಎಂ-ಏಳು ಲಿವರ್ ಕೋಶಗಳನ್ನು ಕೊಲ್ಲುತ್ತದೆ. ಮೊದಲ ವಾರ ಏನೂ ಆಗುವುದಿಲ್ಲ, ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ಮೂರನೇ ವಾರಕ್ಕೆ ಕೋಶಗಳು ಉಬ್ಬಿ ಒಡೆಯುತ್ತವೆ. ಎಲ್ಲರವೂ ಅಲ್ಲ, ಕೆಲವು ದಾನಿಗಳವು. ಯಾರವು ಒಡೆಯುತ್ತವೆ, ಯಾರವು ಉಳಿಯುತ್ತವೆ ಎಂದು ಮುಂಚೆ ಹೇಳಲು ನಮಗೆ ಬರುವುದಿಲ್ಲ. ನನ್ನ ಕೈಯದೇ ತಪ್ಪಿರಬೇಕೆಂದುಕೊಂಡೆ. ಹೊಸ ಕೋಶ ತರಿಸಿದೆ, ಹೊಸ ಮದ್ದು ಕಲಸಿದೆ, ಬೇರೆಯವರ ಕೈಯಿಂದ ಮಾಡಿಸಿದೆ. ಅದೇ ಉತ್ತರ ಬಂತು. ಮದ್ದು ಕಡಿಮೆ ಮಾಡಿದರೆ ಲಿವರ್ ಉಳಿಯುತ್ತದೆ, ಆದರೆ ಗಂಟುಗಳೂ ಬೆಳೆಯುತ್ತವೆ.

ಈ ತಿಂಗಳು ನಮ್ಮ ಗ್ರ್ಯಾಂಟ್ ಮುಂದುವರಿಸುವ ರಿಪೋರ್ಟ್ ಹೋಗಬೇಕಿತ್ತು. ಫಿಯೋನಾ ಕೆಟ್ಟವಳಲ್ಲ. ಹೆದರಿದ್ದಳು. ಗುಂಪಿನಲ್ಲಿ ಎಷ್ಟೋ ಜನರ ಕೆಲಸ ಅದರ ಮೇಲೆ ನಿಂತಿದೆ. “ಈ ಸಲ ಕರುಳಿನ ಭಾಗ ಮಾತ್ರ ಬರೆಯೋಣ, ಲಿವರ್ ಇನ್ನೂ ನಡೆಯುತ್ತಿದೆ ಅನ್ನೋಣ, ಅದು ಸುಳ್ಳೇನೂ ಅಲ್ಲ” ಎಂದಳು.

“ನಡೆಯುತ್ತಿಲ್ಲ, ಮುಗಿದಿದೆ. ಲಿವರ್ ಇಲ್ಲದ ರಿಪೋರ್ಟಿಗೆ ನನ್ನ ಹೆಸರು ಹಾಕಬೇಡಿ” ಎಂದೆ.

“ಈ ಔಷಧ ಎಲ್ಲರಿಗಿಂತ ನಿನ್ನ ಮನೆಗೆ ಬೇಕು, ಹೇಮಾ. ನೀನೇ ನಿಲ್ಲಿಸುತ್ತೀಯಾ?” ಎಂದಳು.

“ನನ್ನ ಮನೆಗೆ ಬೇಕಾದ್ದಕ್ಕೇ ನಿಲ್ಲಿಸುತ್ತಿದ್ದೇನೆ” ಎಂದೆ.

ಲಿವರ್ ಸೇರಿಸಿಯೇ ರಿಪೋರ್ಟ್ ಹೋಯಿತು. ಎಂ-ಏಳು ನಿಂತಿತು.

ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ಮತ್ತೆ ಮಾಡಿ ನೋಡುವ ತನಕ ಹೇಳುವುದು ಬೇಡ ಎಂದುಕೊಂಡೆ. ಅದು ಅರ್ಧ ಕಾರಣ. ಬರೆದರೆ ನಿಜವಾಗಿಬಿಡುತ್ತದೆ ಎನ್ನುವುದು ಇನ್ನರ್ಧ. ನೀನು ನನ್ನ ಮೌನವನ್ನು ಒಳ್ಳೆಯ ಸುದ್ದಿ ಎಂದು ಓದುತ್ತೀ ಎಂದು ನನಗೆ ಹೊಳೆಯಲೇ ಇಲ್ಲ.

ಒಂದು ವರ್ಷ ಮುಂದೆ ಹಾಕುವ ರೋಗವಲ್ಲ ಇದು. ಅಪ್ಪನೂ ಹೀಗೇ ಕತ್ತರಿಗೆ ಹೆದರಿ ಬಾಗಲಕೋಟೆಯ ನಾಟಿ ವೈದ್ಯರ ಹಿಂದೆ ತಿರುಗಿದರು. ನೀನು ಓದಿದವನು. ಹೆದರಿಕೆ ಬಿಡು.

ಹೇಮಲತಾ


ರೆಸರ್ವಾಯರ್
೨೦ ಜೂನ್ ೨೦೨೪

ಅಕ್ಕಾ,

ನಿನ್ನ ಮೇಲಿಗೆ ಮೂರು ಸಲ ಉತ್ತರ ಬರೆದು ಅಳಿಸಿದೆ. ಅವನ್ನು ನೀನು ಓದದಿದ್ದದ್ದು ಒಳ್ಳೆಯದಾಯಿತು.

ನಾನು ಕತ್ತರಿಗೆ ಹೆದರಿಲ್ಲ. ಅಪ್ಪನ ಜೊತೆ ನನ್ನನ್ನು ಕಟ್ಟಬೇಡ. ನನ್ನ ಹೆದರಿಕೆ ಏನೆಂದು ನೀನು ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನಾನು ಓಡಿಸುವುದು ಎಂಬತ್ತಾರನೇ ನಂಬರಿನ ಟ್ರಾಮ್. ಬಂಡೂರಾದಿಂದ ಡಾಕ್‌ಲ್ಯಾಂಡ್ಸ್‌ಗೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ, ಟ್ರಾಫಿಕ್ ಇದ್ದರೆ ಇನ್ನೂ ಹೆಚ್ಚು. ನಡುವೆ ಇಳಿಯುವ ಹಾಗಿಲ್ಲ. ಹಿಂದೆ ಇನ್ನೂರು ಜನ ನಿಂತಿರುತ್ತಾರೆ, ಅದರ ಹಿಂದೆ ಇನ್ನೊಂದು ಟ್ರಾಮ್. ಬಸ್ಸಾದರೆ ಪಕ್ಕಕ್ಕೆ ಹಚ್ಚಬಹುದು. ಹಳಿಯ ಮೇಲೆ ಪಕ್ಕ ಎಂಬುದೇ ಇಲ್ಲ. ದೊಡ್ಡ ಕರುಳು ತೆಗೆದ ಮೇಲೆ ದಿನಕ್ಕೆ ಐದಾರು ಸಲ, ಮೊದಮೊದಲು ಹತ್ತು ಸಲ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ಸರ್ಜನ್ ಸಹಜವಾಗಿ ಹೇಳಿದರು. ಅವರ ಕೋಣೆಯಿಂದ ಟಾಯ್ಲೆಟ್ಟಿಗೆ ನಾಲ್ಕು ಹೆಜ್ಜೆ. ನನಗೆ ನನ್ನ ದಾರಿಯ ನಡುವೆ ಬರುವ ನಾರ್ತ್‌ಕೋಟಿನ ಹೈ ಸ್ಟ್ರೀಟ್ ಕಣ್ಣ ಮುಂದೆ ಬಂತು.

ನಿನ್ನ ಲೆಕ್ಕದಲ್ಲಿ ಈ ಕೆಲಸ ಬರೀ ಒಂದು ಮೆಟ್ಟಿಲು. ಮೊದಲ ವರ್ಷ ನೀನೇ ‘ಪಿಆರ್ ಬರೋ ತನಕ ಮಾಡು, ಆಮೇಲೆ ನಿನ್ನ ಲೈನಿಗೆ ಹೋಗು’ ಎಂದಿದ್ದೆ. ಇಲ್ಲಿ ಕಾಯಂ ಇರಲು ಪಿಆರ್ ಬಂದು ಎಷ್ಟು ವರ್ಷವಾಯಿತು? ನಾನು ಹೋಗಲಿಲ್ಲ. ಇದೇ ನನ್ನ ಲೈನು. ಬೆಳಗಿನ ಮೊದಲ ಟ್ರಾಮ್ ತೆಗೆದುಕೊಂಡು ಪ್ರೆಸ್ಟನ್ ಡಿಪೊದಿಂದ ಹೊರಬಿದ್ದಾಗ ಇಡೀ ರಸ್ತೆ ನನಗಾಗಿ ತೆರೆದ ಹಾಗಿರುತ್ತದೆ. ಈ ದೇಶದಲ್ಲಿ ನನಗೆ ಬೇರೆ ಎಲ್ಲೂ ಹಾಗೆ ಅನ್ನಿಸಿಲ್ಲ. ಅದನ್ನು ಕೊಟ್ಟು ಜೀವ ಉಳಿಸಿಕೊಳ್ಳಬೇಕು ಎಂದರೆ ಉಳಿಸಿಕೊಳ್ಳುತ್ತೇನೆ. ಸುಲಭ ಎನ್ನಬೇಡ, ಅಷ್ಟೇ.

ಜುಲೈ ತಾರೀಕು ಬೇರೆಯವರಿಗೆ ಹೋಗಿದೆ. ನನ್ನನ್ನು ಕಾಯುವವರ ಸಾಲಿನಲ್ಲಿ ಸೇರಿಸಿದ್ದಾರೆ.

ವಿಜಯ


ವೆಸ್ಟ್‌ಮೀಡ್
೭ ಜುಲೈ ೨೦೨೪

ವಿಜೂ,

ನಾನು ಕೇಳಬೇಕಿತ್ತು. ಕೇಳಲಿಲ್ಲ.

ಇಲ್ಲಿ ನಮ್ಮ ಆಸ್ಪತ್ರೆಯ ಆವರಣದಲ್ಲೇ ಇಂಥ ಆಪರೇಶನ್ ಆದವರನ್ನು ನೋಡಿಕೊಳ್ಳುವ ನರ್ಸ್ ಒಬ್ಬರಿದ್ದಾರೆ, ಅಹಲ್ಯಾ ಎಂದು, ಬೆಳಗಾವಿಯ ಕಡೆಯವರು. ಕ್ಯಾಂಟೀನಿನಲ್ಲಿ ಹಿಡಿದು ಕೂರಿಸಿ ಟ್ರಾಮಿನ ವಿಷಯ ಹೇಳಿದೆ. ನಗಲಿಲ್ಲ. “ಕರೆಕ್ಟ್ ಪ್ರಶ್ನೆ ಕೇಳ್ಯಾರ ನೋಡ್ರಿ ನಿಮ್ಮ ತಮ್ಮ. ಭಾಳ ಮಂದಿ ಇದನ್ನ ಮನಸಿನ್ಯಾಗ ಇಟಗೊಂಡು ಆಪರೇಶನ್ನೇ ಬ್ಯಾಡ ಅಂತಾರ” ಎಂದರು. ಅವರು ಹೇಳಿದ್ದನ್ನು ಸಿಹಿ ಹಚ್ಚದೆ ಬರೆಯುತ್ತೇನೆ. ಮೊದಲ ಮೂರು ತಿಂಗಳು ಕಷ್ಟ. ಆರು ತಿಂಗಳ ಹೊತ್ತಿಗೆ ಮೈ ಹೊಸ ಲೆಕ್ಕ ಕಲಿಯುತ್ತದೆ. ಏನು ಉಂಡರೆ, ಯಾವಾಗ ಉಂಡರೆ ಎಷ್ಟು ಹೊತ್ತು ಸಿಗುತ್ತದೆ ಎಂದು ಗೊತ್ತಾಗುತ್ತದೆ. ಭೇದಿ ನಿಲ್ಲಿಸುವ ಮಾತ್ರೆಗಳಿವೆ. ಲಾರಿ ಓಡಿಸಲು ವಾಪಸ್ ಹೋದವರನ್ನು ಅವರು ನೋಡಿದ್ದಾರೆ, ಹೋಗಲಾಗದವರನ್ನೂ ನೋಡಿದ್ದಾರೆ. ನೀನು ಯಾವ ಗುಂಪು ಎಂದು ಯಾರೂ ಹೇಳಲಾರರು. ಭರವಸೆ ಕೊಡುವ ಅಭ್ಯಾಸವನ್ನು ನಾನು ಈ ವರ್ಷ ಬಿಟ್ಟಿದ್ದೇನೆ.

ಇನ್ನೊಂದು. ಅವ್ವನಿಗೆ ಗೊತ್ತಾಗಿದೆ. ನಾನು ಹೇಳಲಿಲ್ಲ. ಮೊನ್ನೆ ಚಹಾ ಕೊಟ್ಟು ಎದುರಿಗೇ ಕೂತಳು. “ವಿಜ್ಯಾಗ ನಿಮ್ಮಪ್ಪನ ಬ್ಯಾನಿ ಬಂದೈತಿ, ಹೌದಿಲ್ಲೋ?” ಎಂದಳು. ಹೌದೆಂದೆ. ಅಳುತ್ತಾಳೆಂದು ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. “ಅಳಾಕ ಟೈಮಿಲ್ಲ. ನಿಮ್ಮಪ್ಪಗ ಏನು ಕೊಟ್ಟರ ಒಳಗ ನಿಲ್ಲತಿತ್ತು, ಏನು ನಿಲ್ಲತಿರಲಿಲ್ಲ, ನನಗ ಗೊತ್ತೈತಿ. ನನ್ನ ಟಿಕೆಟ್ ತಗಸು” ಎಂದಳು. ಈಗಾಗಲೇ ಚೀಲ ತುಂಬುತ್ತಿದ್ದಾಳೆ. ನಿಖಿತಾಳಿಗೆ ನೀನು ಹೇಳದಿದ್ದರೆ ಅವ್ವ ಬಾಗಿಲಲ್ಲೇ ಹೇಳುತ್ತಾಳೆ.

ಗ್ರ್ಯಾಂಟ್ ಪೂರ್ತಿ ಬರಲಿಲ್ಲ, ಅರ್ಧ ಬಂತು. ಇಬ್ಬರು ಬಿಟ್ಟು ಹೋದರು. ಉಳಿದವರು ಎಂ-ಏಳರ ಹತ್ತಿರದ ಸಂಬಂಧಿ ಮದ್ದುಗಳನ್ನು ಎತ್ತಿಕೊಂಡಿದ್ದೇವೆ. ಈ ಸಲ ಕ್ರಮ ಬದಲಿಸಿದ್ದೇನೆ. ಮೊದಲು ಲಿವರ್. ಅಲ್ಲಿ ತಿಂಗಳುಗಟ್ಟಲೆ ತಾಳಿದ್ದನ್ನು ಮಾತ್ರ ಗಂಟಿನ ಮೇಲೆ ಹಾಕುವುದು. ಒಳ್ಳೆಯದನ್ನು ಮೊದಲು ನೋಡಿದರೆ ಕಣ್ಣು ಕಟ್ಟುತ್ತದೆ.

ಅಕ್ಕ


ರೆಸರ್ವಾಯರ್
೧೮ ಆಗಸ್ಟ್ ೨೦೨೪

ಅಕ್ಕಾ,

ನಿಖಿತಾಳಿಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ನೀನೂ ನಿಮ್ಮಕ್ಕನೂ ಸೇರ್ಕೊಂಡು ಇಷ್ಟು ತಿಂಗಳು ಮೇಲ್ ಮಾಡ್ಕೊಂಡಿದ್ರಿ. ನಾನೇನು ಈ ಮನೇಲಿ ರೆಂಟಿಗಿದೀನಾ?” ಎಂದಳು. ಸರ್ಜನ್ ಹತ್ತಿರ ಜೊತೆಗೆ ಬಂದಳು. ಅವರು ಹೊರಡಿ ಎನ್ನುವ ತನಕ ಪ್ರಶ್ನೆ ಕೇಳಿದಳು. ಸೆಪ್ಟೆಂಬರಿನಲ್ಲಿ ಯಾರೋ ಬಿಟ್ಟ ಜಾಗ ಇದೆ ಎಂಬುದನ್ನು ಹೊರಗೆ ತೆಗೆದವಳೂ ಅವಳೇ. ಹನ್ನೆರಡಕ್ಕೆ ಆಪರೇಶನ್.

ಡಿಪೊದಲ್ಲೂ ಹೇಳಿದೆ. ಮ್ಯಾನೇಜರ್ ಎದುರು ಕೂತು ಕರುಳು, ಟಾಯ್ಲೆಟ್ ಎಂದೆಲ್ಲ ಹೇಳುವಾಗ ಕಿವಿ ಬಿಸಿಯಾಯಿತು. ಆತ ಬರೆದುಕೊಂಡ. ವಾಪಸ್ ಬಂದಾಗ ಮೆಡಿಕಲ್ ಪಾಸಾದರೆ ಮೊದಲು ಸಣ್ಣ ಶಿಫ್ಟ್, ಪಾಸಾಗದಿದ್ದರೆ ಹೊಸಬರಿಗೆ ಕಲಿಸುವ ಕೆಲಸ ಖಾಲಿಯಿದ್ದರೆ ನೋಡೋಣ ಎಂದ. ಖಾಲಿಯಿದ್ದರೆ. ಅಷ್ಟು ಸಿಕ್ಕಿತು, ಅಷ್ಟನ್ನು ಹಿಡಿದುಕೊಂಡಿದ್ದೇನೆ.

ಅವ್ವ ಬಂದಾಗಿನಿಂದ ಅಮೂಲ್ಯಾ ಅವಳ ಹಿಂದೆಯೇ ಇರುತ್ತಾಳೆ. ಅವ್ವ ಕನ್ನಡದಲ್ಲಿ ಕೇಳುತ್ತಾಳೆ, ಇವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಎಲ್ಲ ತಿಳಿಯುತ್ತದೆ.

ತೆಗೆದ ಕರುಳನ್ನು ಸಂಶೋಧನೆಗೆ ಕೊಡುತ್ತೇನೆ ಎಂದು ಸಹಿ ಮಾಡಿದ್ದೇನೆ. ಗಂಟಿರುವ ಭಾಗ, ಗಂಟಿಲ್ಲದ ಭಾಗ ಎರಡೂ. ನೀನು ಬಾ. ಹನ್ನೊಂದಕ್ಕೇ ಬಾ.

ವಿಜಯ


ರೆಸರ್ವಾಯರ್
೭ ಅಕ್ಟೋಬರ್ ೨೦೨೪

ಅಕ್ಕಾ,

ನೀನು ಸಿಡ್ನಿಗೆ ಹೋದ ಮೇಲೆ ಪೆಥಾಲಜಿ ರಿಪೋರ್ಟ್ ಬಂತು. ಒಂದು ಗಂಟು ತಿರುಗಿತ್ತು. ಕ್ಯಾನ್ಸರ್ ಆಗಲೇ ಶುರುವಾಗಿತ್ತು, ಕರುಳಿನ ಗೋಡೆ ದಾಟಿರಲಿಲ್ಲ, ಬೇರೆಲ್ಲೂ ಹೋಗಿಲ್ಲ. ಕೀಮೋ ಬೇಡ ಎಂದಿದ್ದಾರೆ. “ಮುಂದಿನ ವರ್ಷ ಬಂದಿದ್ದರೆ ನಾವು ಬೇರೆ ಮಾತಾಡುತ್ತಿದ್ದೆವು” ಎಂದು ಸರ್ಜನ್ ಹೇಳಿದಾಗ ನಿಖಿತಾ ನನ್ನ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು.

ಎಂ-ಏಳನ್ನು ನೀನು ನಿಲ್ಲಿಸದಿದ್ದರೆ ನಾನು ಈಗಲೂ ಕಾಯುತ್ತಿದ್ದೆ. ಇದನ್ನು ಫೋನಿನಲ್ಲಿ ಹೇಳಲು ಹೊರಟು ಹವಾಮಾನ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೆ ಬರೆದೆ.

ವಿಜಯ


ರೆಸರ್ವಾಯರ್
೬ ಏಪ್ರಿಲ್ ೨೦೨೫

ಅಕ್ಕಾ,

ಮೆಡಿಕಲ್ ಎರಡನೇ ಸಲ ಪಾಸಾಯಿತು. ಮೊದಲ ಸಲ ಆಗದಿದ್ದದ್ದನ್ನು ನಿನಗೆ ಹೇಳಿರಲಿಲ್ಲ. ಈಗ ವಾರಕ್ಕೆ ಮೂರು ದಿನ, ಅರ್ಧ ಶಿಫ್ಟ್. ಬೆಳಿಗ್ಗೆ ಅನ್ನ ಮೊಸರು, ಬೇರೇನೂ ಇಲ್ಲ. ಪೂರ್ತಿ ದಿನ ಓಡಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಒಂದು ದಿನ ಕಲಿಸುವ ಕೆಲಸವನ್ನೂ ಕೊಟ್ಟಿದ್ದಾರೆ. ಹೊಸಬರಿಗೆ ಬ್ರೇಕ್ ಹಿಡಿಯಲು ಹೇಳಿಕೊಡುವ ಪಾಠವನ್ನು ಮನೆಯಲ್ಲಿ ಅಭ್ಯಾಸ ಮಾಡುವಾಗ ನನ್ನ ದನಿ ಥೇಟ್ ನಿನ್ನ ಹಾಗೆ ಕೇಳಿಸುತ್ತದಂತೆ, ನಿಖಿತಾ ಹೇಳಿದಳು.

ಹೋದ ವಾರ ಜೆನೆಟಿಕ್ಸ್ ಕ್ಲಿನಿಕ್‌ಗೆ ಅಮೂಲ್ಯಾಳ ವಿಷಯ ಮಾತಾಡಲು ಹೋಗಿದ್ದೆವು. ಅವಳಿಗೂ ಇರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಈಗಲೇ ಟೆಸ್ಟ್ ಬೇಡ, ಅವಳಿಗೆ ಹತ್ತು ಹನ್ನೆರಡು ವರ್ಷ ತುಂಬಲಿ ಎಂದರು. ಅವಳಿಗೆ ಈಗ ಏಳು. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಹೋದ ವರ್ಷ ನಾನು ನಿನಗೆ ಬೇಗ ಬೇಗ ಎಂದು ಬರೆದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ದಿನ ಅವಳು ಯಾವುದೋ ಮಾತ್ರೆಯನ್ನು ದಿನಾ ನುಂಗಬೇಕಾಗಬಹುದು, ಅರುವತ್ತು ವರ್ಷ ನುಂಗಬೇಕಾಗಬಹುದು. ಅಕ್ಕಾ, ಆ ಮಾತ್ರೆಯ ಮೇಲೆ ನೀನು ಒಂದಿಷ್ಟೂ ದಯೆ ತೋರಿಸಬೇಡ.

ವಿಜಯ


ವೆಸ್ಟ್‌ಮೀಡ್
೧೯ ಏಪ್ರಿಲ್ ೨೦೨೫

ವಿಜೂ,

ನಿನ್ನ ಮೇಲನ್ನು ಫಿಯೋನಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯ ಸಾಲನ್ನು ಅವಳು ಇನ್ನೊಮ್ಮೆ ಹೇಳಿಸಿಕೊಂಡಳು.

ಲಿವರ್ ಕೋಶಗಳಿಗೆ ಹಾಕಿದ ಹೊಸ ಮದ್ದುಗಳು ಒಂದೊಂದಾಗಿ ಉದುರುತ್ತಿವೆ. ಮೊನ್ನೆ ಗುರುವಾರವೂ ಎರಡು ಹೋದವು. ಪ್ಲೇಟು ಎಸೆಯುತ್ತೇನೆ, ಕೈ ತೊಳೆಯುತ್ತೇನೆ, ಮುಂದಿನದನ್ನು ಎತ್ತಿಕೊಳ್ಳುತ್ತೇನೆ.

ಒಂದು ಮಾತ್ರ ಇನ್ನೂ ನಿಂತಿದೆ. ಲಿವರ್ ಕೋಶಗಳು ಮೂರು ತಿಂಗಳಿಂದ ಅದರ ಜೊತೆ ಆರಾಮಾಗಿವೆ. ಗಂಟಿನ ಮೇಲೆ ಅದು ಎಂ-ಏಳರಷ್ಟು ಚುರುಕಲ್ಲ, ಆದರೆ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ. ಇದರಲ್ಲಿ ಸಂತೋಷದ ಮಾತು ಹುಡುಕಬೇಡ, ನಾನು ಬರೆದಿಲ್ಲ. ಸೋಮವಾರದಿಂದ ಅದನ್ನು ಹೃದಯದ ಕೋಶಗಳಿಗೆ ಹಾಕುತ್ತೇನೆ, ಆಮೇಲೆ ಕಿಡ್ನಿ, ಆಮೇಲೆ ಇನ್ನಷ್ಟು ಜನರ ಲಿವರ್. ಅದನ್ನು ಬೀಳಿಸಲು ನನಗೆ ಗೊತ್ತಿರುವ ದಾರಿಗಳನ್ನೆಲ್ಲ ಹಿಡಿಯುತ್ತೇನೆ.

ಬೀಳದಿದ್ದರೆ ಬರೆಯುತ್ತೇನೆ. ಬಿದ್ದರೆ, ಬಿದ್ದ ದಿನವೇ ಬರೆಯುತ್ತೇನೆ.

ನಿನ್ನ ಅಕ್ಕ
ಹೇಮಾ